ರೋಗಿಯನ್ನು ಕೇಳಿದಿರಾ?



ಜೆರಿಕೊ ಪಟ್ಟಣದ ದಾರಿಬದಿಯಲ್ಲಿ ಕುಳಿತು ಭಿಕ್ಷೆ ಬೇಡುತ್ತಿದ್ದ ಬಾರ್ತಿಮಾಯನ ಕಥೆ ನಮಗೆಲ್ಲ ಬಾಯಿಪಾಠ. ಯೇಸುಸ್ವಾಮಿ ಆ ದಾರಿಯಾಗಿ ಹೋಗುತ್ತಿದ್ದಾರೆಂದು ಕೇಳಿದೊಡನೆ ಅವನು ಕೂಗಿಕೊಂಡ. ಜನರು ಗದರಿಸಿ ಬಾಯಿ ಮುಚ್ಚಿಸಲು ನೋಡಿದರು. ಅವನು ಇನ್ನೂ ಗಟ್ಟಿಯಾಗಿ ಕೂಗಿದ. ಸ್ವಾಮಿ ನಿಂತರು, ಅವನನ್ನು ಕರೆಸಿದರು (ಮಾರ್ಕ 10: 46-52). ಬೋಧಕರಾದ ನಾವು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ಅವನ ವಿಶ್ವಾಸದ ವಿಷಯಕ್ಕೆ ಹೋಗಿಬಿಡುತ್ತೇವೆ. ಈ ವಾರ ನಾನು ನಡುವೆ ಬರುವ ಒಂದು ಪ್ರಶ್ನೆಯ ಬಳಿ ನಿಲ್ಲಬೇಕೆಂದಿದ್ದೇನೆ. ತಮ್ಮೆದುರು ನಿಂತ ಆ ಕುರುಡನನ್ನು ಸ್ವಾಮಿ ಕೇಳುತ್ತಾರೆ, ತಮ್ಮಿಂದ ಅವನಿಗೆ ಏನಾಗಬೇಕು ಎಂದು.

ಇದೆಂಥ ಪ್ರಶ್ನೆ! ಕುರುಡನಿಗೆ ಬೇಕಾದದ್ದು ದೃಷ್ಟಿ ಎಂಬುದು ಸುತ್ತ ನಿಂತಿದ್ದ ಚಿಕ್ಕ ಮಗುವಿಗೂ ಗೊತ್ತಿತ್ತು. ಸ್ವಾಮಿಗೆ ಗೊತ್ತಿರಲಿಲ್ಲವೇ? ಆದರೂ ಕೇಳಿದರು, ಉತ್ತರಕ್ಕಾಗಿ ಕಾದರು. ಅಷ್ಟು ಹೊತ್ತು ಜನರ ಪಾಲಿಗೆ ಬರೀ ಗದ್ದಲವಾಗಿದ್ದ ಮನುಷ್ಯನ ಮಾತಿಗೆ ಆ ಪ್ರಶ್ನೆಯಿಂದ ಬೆಲೆ ಬಂತು. ಅವನ ಕಣ್ಣು ತೆರೆದದ್ದು ಅದಾದ ಮೇಲೆ.

ಈ ಪ್ರಶ್ನೆಯನ್ನು ನಾನು ಇಂದು ವೈದ್ಯಕೀಯ ಸಂಶೋಧನೆಯ ಬಾಗಿಲಿಗೆ ಒಯ್ಯುತ್ತಿದ್ದೇನೆ. "ಸ್ವಾಮಿಗಳಿಗೆ ಇದೇನು ಹೊಸ ಉಸಾಬರಿ, ಅದು ಡಾಕ್ಟರುಗಳ ಕೆಲಸವಲ್ಲವೇ" ಎಂದು ಕೆಲವರಿಗೆ ಅನಿಸಬಹುದು. ಆದರೆ ಒಂದು ಕ್ಷಣ ಯೋಚಿಸಿ. ನಿಮ್ಮ ಮನೆಯ ಕಪಾಟಿನಲ್ಲಿರುವ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಮಗುವಿಗೆ ಹಾಕಿಸಿದ ಲಸಿಕೆ ಇವೆಲ್ಲ ಅಂಗಡಿಗೆ ಬರುವ ಮುನ್ನ ಯಾರದೋ ದೇಹದಲ್ಲಿ ಪರೀಕ್ಷೆಯಾಗಿವೆ. ಮೊದಲು ಪ್ರಯೋಗಶಾಲೆಯಲ್ಲಿ, ಆಮೇಲೆ ಪ್ರಾಣಿಗಳಲ್ಲಿ, ಅನಂತರ ಕೆಲವೇ ಮನುಷ್ಯರಲ್ಲಿ, ಕಡೆಗೆ ನೂರಾರು ಸಾವಿರಾರು ರೋಗಿಗಳಲ್ಲಿ. ಅವರ ಹೆಸರು ನಮಗೆ ಗೊತ್ತಿಲ್ಲ. ಅವರು ಒಪ್ಪಿ ತೋಳು ಚಾಚಿದ್ದರಿಂದ ನಾವು ಗುಣ ಕಾಣುತ್ತಿದ್ದೇವೆ. ಇದು ನಮ್ಮೆಲ್ಲರ ತಲೆಯ ಮೇಲಿರುವ ಸಾಲ. ಆದ್ದರಿಂದ ಅವರನ್ನು ಹೇಗೆ ನಡೆಸಿಕೊಳ್ಳಲಾಯಿತು, ಅವರನ್ನು ಏನನ್ನಾದರೂ ಕೇಳಲಾಯಿತೇ ಎಂಬುದು ಪೂಜೆಗೆ ಬರುವವರ ಮನಸ್ಸಾಕ್ಷಿಗೂ ಸೇರಿದ ವಿಷಯ.

ಧರ್ಮಸಭೆ ಇದರ ಬಗ್ಗೆ ಮಾತನಾಡಲು ಆರಂಭಿಸಿದ್ದು ಇಂದು ನಿನ್ನೆಯಲ್ಲ. 1952ರ ಸೆಪ್ಟೆಂಬರಿನಲ್ಲಿ ಜಗದ್ಗುರು ಹನ್ನೆರಡನೇ ಭಕ್ತಿನಾಥರು (ಪಯಸ್) ವೈದ್ಯವಿಜ್ಞಾನಿಗಳ ಒಂದು ಅಂತರರಾಷ್ಟ್ರೀಯ ಸಮ್ಮೇಳನವನ್ನು ಉದ್ದೇಶಿಸಿ ಈ ವಿಷಯವಾಗಿಯೇ ಭಾಷಣ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾತ್ಸಿ ಸೆರೆಶಿಬಿರಗಳ ಕೈದಿಗಳ ಮೇಲೆ ವೈದ್ಯರೇ ನಡೆಸಿದ್ದ ಕ್ರೂರ ಪ್ರಯೋಗಗಳು ಲೋಕದ ನೆನಪಿನಲ್ಲಿ ಇನ್ನೂ ಹಸಿಯಾಗಿದ್ದ ದಿನಗಳವು. ವಿಜ್ಞಾನಕ್ಕೆ ಒಳ್ಳೆಯದಾಗುತ್ತದೆ, ಸಮಾಜಕ್ಕೆ ಒಳ್ಳೆಯದಾಗುತ್ತದೆ ಎಂಬ ಕಾರಣಕ್ಕೆ ಒಬ್ಬ ಮನುಷ್ಯನನ್ನು ಬಳಸಿ ಬಿಸಾಡುವಂತಿಲ್ಲ ಎಂದರು ಜಗದ್ಗುರುಗಳು. ರೋಗಿಯೇ ಕೊಟ್ಟ ಅಧಿಕಾರಕ್ಕಿಂತ ಹೆಚ್ಚಿನ ಅಧಿಕಾರ ಅವನ ಮೇಲೆ ವೈದ್ಯನಿಗಿಲ್ಲ ಎಂಬುದು ಅವರ ಮಾತಿನ ತಿರುಳು. ಹಾಗೆಂದು ರೋಗಿಯೂ ತನ್ನ ದೇಹಕ್ಕೆ ಸರ್ವಾಧಿಕಾರಿಯಲ್ಲ, ಅದು ದೇವರು ವಹಿಸಿಕೊಟ್ಟದ್ದು ಎಂದೂ ಹೇಳಿದರು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಸಂಶೋಧನೆಯನ್ನು ಒಳ್ಳೆಯದೆಂದೇ ಒಪ್ಪುತ್ತದೆ. ಜೊತೆಗೆ, ಒಪ್ಪಿಗೆ ಇದ್ದ ಮಾತ್ರಕ್ಕೆ ಯಾವ ಪ್ರಯೋಗವೂ ನ್ಯಾಯವಾಗುವುದಿಲ್ಲ ಎಂದು ಎಚ್ಚರಿಸುತ್ತದೆ.

ಈಗ ನಮ್ಮ ದೇಶದ್ದೇ ಒಂದು ಸಂಗತಿ. 2009ರಲ್ಲಿ ಖಮ್ಮಂ ಜಿಲ್ಲೆಯಲ್ಲಿ (ಅಂದು ಅದು ಆಂಧ್ರಪ್ರದೇಶಕ್ಕೆ ಸೇರಿತ್ತು, ಈಗ ಹೆಚ್ಚಿನ ಭಾಗ ತೆಲಂಗಾಣದಲ್ಲಿದೆ) 10ರಿಂದ 14 ವರ್ಷದ ಸುಮಾರು 14 ಸಾವಿರ ಹುಡುಗಿಯರಿಗೆ ಒಂದು ಲಸಿಕೆ ಹಾಕಲಾಯಿತು. ಹೆಂಗಸರ ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರನ್ನು ತಡೆಯುವ ಲಸಿಕೆ ಅದು. ಗುಜರಾತಿನ ವಡೋದರ ಜಿಲ್ಲೆಯಲ್ಲೂ ಇದೇ ಯೋಜನೆ ನಡೆಯಿತು. ಖಮ್ಮಮ್ಮಿನ ಹುಡುಗಿಯರಲ್ಲಿ ಅನೇಕರು ಆದಿವಾಸಿ ಮಕ್ಕಳು, ಓದಿಗಾಗಿ ಅಪ್ಪ ಅಮ್ಮನನ್ನು ಬಿಟ್ಟು ಹಾಸ್ಟೆಲಿನಲ್ಲಿದ್ದವರು. ಕೆಲವು ಹುಡುಗಿಯರ ಸಾವಿನ ಸುದ್ದಿ ಹಬ್ಬಿ, ಮಹಿಳಾ ಸಂಘಟನೆಗಳು ಪ್ರಶ್ನೆ ಎತ್ತಿದ ಮೇಲೆ, 2010ರ ಏಪ್ರಿಲಿನಲ್ಲಿ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. ತನಿಖೆ ಮಾಡಿದವರು ಆ ಸಾವುಗಳಿಗೂ ಲಸಿಕೆಗೂ ನಂಟಿರುವಂತೆ ಕಾಣುವುದಿಲ್ಲವೆಂದರು. ಇದನ್ನು ಒತ್ತಿ ಹೇಳಲೇಬೇಕು. ಲಸಿಕೆ ಕೆಟ್ಟದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿರುವ ಲಸಿಕೆ ಅದು, ಅನೇಕ ದೇಶಗಳ ಹೆಣ್ಣುಮಕ್ಕಳನ್ನು ಕಾಯುತ್ತಿದೆ.

ಕೆಟ್ಟದ್ದು ಬೇರೆ ಕಡೆ ಇತ್ತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ತನ್ನ ವರದಿಯಲ್ಲಿ ಆಂಧ್ರದ ಒಪ್ಪಿಗೆ ಪತ್ರಗಳ ಲೆಕ್ಕ ಕೊಟ್ಟಿತು. 9,543 ಪತ್ರಗಳಲ್ಲಿ 1,948ರ ಮೇಲೆ ಇದ್ದದ್ದು ಹೆಬ್ಬೆಟ್ಟು. 2,763 ಪತ್ರಗಳಿಗೆ ಸಹಿ ಹಾಕಿದ್ದು ಹಾಸ್ಟೆಲಿನ ವಾರ್ಡನ್! ತಾಯಿಯಲ್ಲ, ತಂದೆಯಲ್ಲ. ಗುಡ್ಡದ ಮೇಲಿನ ಹಳ್ಳಿಯಲ್ಲಿದ್ದ ಆ ತಾಯಿಗೆ ತನ್ನ ಮಗಳ ತೋಳಿಗೆ ಯಾವ ಸೂಜಿ ಯಾಕೆ ಚುಚ್ಚಿದರೆಂದು ಯಾರೂ ಹೇಳಲಿಲ್ಲ. ಮಗಳನ್ನಂತೂ ಕೇಳುವವರೇ ಇರಲಿಲ್ಲ. ಯೋಜನೆ ನಡೆಸಿದವರು ಇದು ಔಷಧ ಪ್ರಯೋಗವೇ ಅಲ್ಲ, ಲಸಿಕೆಯನ್ನು ಜನರಿಗೆ ತಲುಪಿಸುವುದು ಹೇಗೆಂದು ನೋಡುವ ಪ್ರಾಯೋಗಿಕ ಕಾರ್ಯಕ್ರಮ ಎಂದು ವಾದಿಸಿದರು. ಇರಬಹುದು. ಹೆಸರು ಏನೇ ಇರಲಿ, ತೋಳು ಆ ಹುಡುಗಿಯದೇ.

ಇದರಿಂದ ನಷ್ಟವಾದದ್ದು ಯಾರಿಗೆ? ಮೊದಲು ಆ ಕುಟುಂಬಗಳಿಗೆ. ಆಮೇಲೆ ನಮ್ಮೆಲ್ಲರ ಹೆಣ್ಣುಮಕ್ಕಳಿಗೆ. ಏಕೆಂದರೆ ಆ ಘಟನೆಯಿಂದ ಹುಟ್ಟಿದ ಅಪನಂಬಿಕೆ ಒಂದು ಒಳ್ಳೆಯ ಲಸಿಕೆಯ ಹೆಸರಿಗೆ ವರ್ಷಗಟ್ಟಲೆ ಅಂಟಿಕೊಂಡಿತು. ಕೇಳದೆ ಮಾಡಿದ ಒಳ್ಳೆಯ ಕೆಲಸಕ್ಕೆ ಬರುವ ಗತಿ ಇದು. ಇನ್ನೊಂದು ಮಾತು, ಸ್ವಲ್ಪ ಕಹಿಯಾದರೂ ಹೇಳುತ್ತೇನೆ. ನಮ್ಮ ಧರ್ಮಕ್ಷೇತ್ರಗಳಲ್ಲೂ ಹಾಸ್ಟೆಲುಗಳಿವೆ, ಬೋರ್ಡಿಂಗುಗಳಿವೆ, ಅನಾಥಾಲಯಗಳಿವೆ. ಅಲ್ಲಿ ನಮ್ಮ ಗುರುಗಳೇ, ಕನ್ಯಾಸ್ತ್ರೀಯರೇ ವಾರ್ಡನರು. ನಾಳೆ ಯಾರೋ ದೊಡ್ಡ ಸಂಸ್ಥೆಯವರು ಫೈಲು ಹಿಡಿದು ಬಂದು "ಮಕ್ಕಳ ಒಳ್ಳೆಯದಕ್ಕೇ ಫಾದರ್, ಇಲ್ಲೊಂದು ಸಹಿ" ಎಂದರೆ ಪೆನ್ನು ತೆಗೆಯುವ ಮುನ್ನ ಖಮ್ಮಂ ನೆನಪಿಗೆ ಬರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೆತ್ತವರ ಒಪ್ಪಿಗೆಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಏಳು ವರ್ಷ! ನಾವು ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸಲು ಆರಂಭಿಸುವುದೂ ವಿವೇಕ ಮೂಡುವ ಅದೇ ವಯಸ್ಸಿನಲ್ಲಿ.

ಆದರೆ ಸಹಿಯ ಮಾತು ಮನೆಯ ಹೊಸ್ತಿಲಿದ್ದಂತೆ. ಹೊಸ್ತಿಲ ಮೇಲೆ ನಿಲ್ಲಿಸಿ ಸಹಿ ಪಡೆದು ಕಳಿಸುವುದು ಒಂದು. ಒಳಗೆ ಕರೆದು ಕೂರಿಸಿ, ಯಾವುದನ್ನು ಸಂಶೋಧಿಸಬೇಕು, ಯಾವುದನ್ನು ಗುಣ ಎಂದು ಕರೆಯಬೇಕು ಎಂದು ಕೇಳುವುದು ಇನ್ನೊಂದು. ಎರಡನೆಯದನ್ನು ಲೋಕ ಬಹಳ ತಡವಾಗಿ ಕಲಿತಿದೆ, ಇನ್ನೂ ಪೂರ್ತಿ ಕಲಿತಿಲ್ಲ.

ತಿಂಗಳ ಮೊದಲ ಶುಕ್ರವಾರ ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವಾಗ ಗುರುಗಳಾದ ನಮಗೆ ಅನೇಕ ಮಾತುಗಳು ಕಿವಿಗೆ ಬೀಳುತ್ತವೆ. ಕೈಬೆರಳುಗಳೆಲ್ಲ ಸೊಟ್ಟಗಾದ ಅಜ್ಜಿಯೊಬ್ಬರು ಒಮ್ಮೆ ಹೇಳಿದರು, "ನೋವು ಹೆಂಗೋ ತಡ್ಕೋತೀನಿ ಸ್ವಾಮಿ, ಈ ಸುಸ್ತು ತಡಿಯಕ್ಕಾಗಲ್ಲ. ಎದ್ದು ಒಂದು ಲೋಟ ತೊಳೆದ್ರೆ ಮತ್ತೆ ಮಲಗಬೇಕು." ಡಾಕ್ಟರಿಗೆ ಇದನ್ನು ಹೇಳಿದಿರಾ ಎಂದೆ. "ಅವರು ಕೇಳಲಿಲ್ವಲ್ಲ" ಎಂದರು.

ಕೀಲುಗಳು ಬಾತು ನೋಯುವ, ರುಮಟಾಯ್ಡ್ ಎಂದು ಕರೆಯುವ ಆ ಸಂಧಿವಾತದ ಬಗ್ಗೆ ಜಗತ್ತಿನಲ್ಲಿ ಎಷ್ಟೋ ಔಷಧ ಪ್ರಯೋಗಗಳು ನಡೆದಿದ್ದವು. ಔಷಧ ಕೆಲಸ ಮಾಡಿತೇ ಎಂದು ತಿಳಿಯಲು ಸಂಶೋಧಕರು ಬಾತ ಕೀಲುಗಳನ್ನು ಎಣಿಸುತ್ತಿದ್ದರು, ನೋವನ್ನು ಅಳೆಯುತ್ತಿದ್ದರು, ರಕ್ತ ಪರೀಕ್ಷೆ ಮಾಡುತ್ತಿದ್ದರು. ಅಳೆಯಬೇಕಾದ ಅಂಶಗಳ ಪಟ್ಟಿಯನ್ನು ತಜ್ಞರೇ ಕುಳಿತು ಒಪ್ಪಿಕೊಂಡಿದ್ದರು. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಆ ತಜ್ಞರ ಸಭೆಗೆ (ಓಮೆರಾಕ್ಟ್ ಎಂದು ಅದರ ಹೆಸರು) ಮೊಟ್ಟಮೊದಲ ಬಾರಿಗೆ ಕೆಲವು ರೋಗಿಗಳನ್ನೂ ಕರೆದು ಜೊತೆಗೆ ಕೂರಿಸಿಕೊಂಡರು. ರೋಗಿಗಳು ಪಟ್ಟಿ ನೋಡಿ, ನಮ್ಮನ್ನು ಹಿಂಡುವ ಸುಸ್ತು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ನಿದ್ರೆಯಿಂದ ಹೋಗದ, ಮನಸ್ಸನ್ನೂ ಕುಗ್ಗಿಸುವ ಸುಸ್ತು. ಅದು ಆ ಪಟ್ಟಿಯಲ್ಲಿ ಇರಲೇ ಇಲ್ಲ! ತಜ್ಞರು ಅದನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದರು; 2007ರ ಹೊತ್ತಿಗೆ, ಈ ರೋಗದ ಪ್ರಯೋಗಗಳಲ್ಲಿ ಸಾಧ್ಯವಿರುವ ಕಡೆಯಲ್ಲೆಲ್ಲ ಸುಸ್ತನ್ನೂ ಅಳೆಯಬೇಕೆಂಬ ಶಿಫಾರಸು ಪ್ರಕಟವಾಯಿತು. ಆ ವೈದ್ಯರು ಕೆಟ್ಟವರೇನೂ ಅಲ್ಲ, ಬುದ್ಧಿವಂತರು, ಶ್ರಮಜೀವಿಗಳು. ನಮ್ಮ ಅಜ್ಜಿ ಒಂದು ವಾಕ್ಯದಲ್ಲಿ ಹೇಳಿದ ಸಂಗತಿ ಅವರ ಪಟ್ಟಿಗೆ ಬಂದಿರಲಿಲ್ಲ, ಅಷ್ಟೆ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ಗೇಬ್ರಿಯಲ್ ಮಾರ್ಸೆಲ್ ಎಂಬ ಫ್ರಾನ್ಸಿನ ಕಥೋಲಿಕ ಚಿಂತಕರ ಒಂದು ವಿಚಾರ ನಮಗೆ ಪಾಠವಾಗಿತ್ತು. ನನ್ನೆದುರು ಇದ್ದು, ನಾನು ದೂರ ನಿಂತು ಬಿಡಿಸಬಹುದಾದದ್ದು ಸಮಸ್ಯೆ. ಅದರೊಳಗೆ ನಾನೇ ಸಿಕ್ಕಿಕೊಂಡಿರುವಂಥದ್ದು ರಹಸ್ಯ ಎಂದು ಅವರು ಬೇರ್ಪಡಿಸುತ್ತಾರೆ. ಅಂದು ಪರೀಕ್ಷೆಗೆಂದು ಓದಿದ್ದು, ರೋಗಿಗಳ ಮಂಚದ ಪಕ್ಕದಲ್ಲಿ ಅರ್ಥವಾಯಿತು. ಸಂಧಿವಾತ ಸಂಶೋಧಕರಿಗೆ ಸಮಸ್ಯೆ. ಅಜ್ಜಿಗೆ ಅದು ತನ್ನ ಬದುಕು, ಲೋಟ ತೊಳೆಯುವುದು, ಜಪಸರ ಹಿಡಿಯಲಾಗದ ಬೆರಳು. ಎರಡೂ ಜ್ಞಾನವೇ. ಸಂಶೋಧಕರ ಜ್ಞಾನವಿಲ್ಲದೆ ಔಷಧ ಹುಟ್ಟದು; ಅಜ್ಜಿಯ ಜ್ಞಾನವಿಲ್ಲದೆ ಆ ಔಷಧ ಯಾವುದಕ್ಕೆ ಬೇಕೆಂದು ತಿಳಿಯದು.

ರೋಗಿಗಳೇ ಎದ್ದು ನಿಂತು ಈ ಪಾಠ ಕಲಿಸಿದ ದೊಡ್ಡ ಉದಾಹರಣೆ ಏಡ್ಸ್ ರೋಗದ್ದು. 1980ರ ದಶಕದ ಅಮೆರಿಕದಲ್ಲಿ ಈ ರೋಗ ಬಂದವರನ್ನು ಸಮಾಜ ಮುಟ್ಟಲು ಹೆದರುತ್ತಿತ್ತು. ಪಾಪದ ಫಲ ಎಂದು ಬೆರಳು ತೋರಿಸಿದವರಲ್ಲಿ ಕ್ರೈಸ್ತರೂ ಕಡಮೆಯಿರಲಿಲ್ಲ. 1983ರಲ್ಲಿ ಡೆನ್ವರ್ ನಗರದಲ್ಲಿ ಆ ರೋಗಿಗಳ ಒಂದು ಚಿಕ್ಕ ಗುಂಪು ಸೇರಿ, ತಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ, ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಎಲ್ಲ ಹಂತದಲ್ಲೂ ತಮಗೆ ಜಾಗ ಬೇಕು ಎಂದು ಘೋಷಿಸಿತು. ಸುಮ್ಮನಿರೆಂದು ಗದರಿಸಿದರೆ ಇನ್ನೂ ಗಟ್ಟಿಯಾಗಿ ಕೂಗಿದ ಬಾರ್ತಿಮಾಯನ ಜಾತಿಯವರು!

ಆಗ ಏಡ್ಸ್ ರೋಗಿಗಳನ್ನು ಹೆಚ್ಚಾಗಿ ಕೊಲ್ಲುತ್ತಿದ್ದುದು ಒಂದು ಬಗೆಯ ನ್ಯುಮೋನಿಯಾ. ಅದು ಬರದಂತೆ ಮುಂಚಿತವಾಗಿಯೇ ಔಷಧ ಕೊಡಬಹುದೆಂದು ರೋಗಿಗಳನ್ನು ದಿನವೂ ನೋಡುತ್ತಿದ್ದ ಊರ ಡಾಕ್ಟರುಗಳಿಗೆ ಕಾಣುತ್ತಿತ್ತು. 1987ರಲ್ಲಿ ರೋಗಿಗಳ ಪ್ರತಿನಿಧಿಗಳು ಸರ್ಕಾರದ ಹಿರಿಯ ಸಂಶೋಧಕರನ್ನು ಕಂಡು, ಹಾಗೆ ಮಾಡಿರೆಂದು ಎಲ್ಲ ವೈದ್ಯರಿಗೂ ತಿಳಿಸುವಂತೆ ಬೇಡಿಕೊಂಡರು. ಸಾಕಷ್ಟು ಪುರಾವೆ ಇಲ್ಲ ಎಂಬ ಉತ್ತರ ಬಂತು. ಸರಿ, ಪುರಾವೆ ನಾವೇ ತರುತ್ತೇವೆ ಎಂದು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ನ್ಯೂಯಾರ್ಕ್ ನಗರಗಳ ರೋಗಿಗಳೂ ಅವರ ಡಾಕ್ಟರುಗಳೂ ಸೇರಿ, ಉಸಿರಿನ ಮೂಲಕ ಎಳೆದುಕೊಳ್ಳುವ ಪೆಂಟಾಮಿಡೀನ್ ಎಂಬ ಔಷಧವನ್ನು ತಾವೇ ಪರೀಕ್ಷಿಸಿದರು. 1989ರಲ್ಲಿ ಆ ಪುರಾವೆಯ ಮೇಲೆ ಅಮೆರಿಕ ಸರ್ಕಾರ ಅದನ್ನು ಒಪ್ಪಿತು. ಕಾಯುತ್ತಿದ್ದ ಆ ಎರಡು ವರ್ಷಗಳಲ್ಲಿ ಅದೇ ನ್ಯುಮೋನಿಯಾದಿಂದ ಸತ್ತವರ ನೆನಪು ಅವರನ್ನು ಬಿಡಲಿಲ್ಲ. 1990ರಿಂದೀಚೆಗೆ ಸರ್ಕಾರಿ ಸಂಶೋಧನಾ ಸಮಿತಿಗಳಲ್ಲಿ ರೋಗಿಗಳಿಗೆ ಕುರ್ಚಿ ಸಿಕ್ಕಿತು.

"ಹಾಗಾದರೆ ರೋಗಿ ಹೇಳಿದ್ದೇ ವೇದವಾಕ್ಯವೇ, ಡಾಕ್ಟರು ಓದಿದ್ದೆಲ್ಲ ದಂಡವೇ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ರೋಗಿಗೂ ಅವಸರವಿರುತ್ತದೆ, ಆಸೆ ಕಣ್ಣು ಕಟ್ಟುತ್ತದೆ. ಎ.ಜೆಡ್.ಟಿ. ಎಂಬ ಮೊದಲ ಏಡ್ಸ್ ಔಷಧದ ಪ್ರಯೋಗದಲ್ಲಿ ಅರ್ಧ ಜನರಿಗೆ ಔಷಧ, ಅರ್ಧ ಜನರಿಗೆ ಬರೀ ಖಾಲಿ ಮಾತ್ರೆ ಕೊಡಲಾಗಿತ್ತು. ಸಾವು ಎದುರಿಗಿದ್ದ ರೋಗಿಗಳಲ್ಲಿ ಕೆಲವರು ಗುಟ್ಟಾಗಿ ಮಾತ್ರೆಗಳನ್ನು ಪರೀಕ್ಷೆ ಮಾಡಿಸಿದರು, ಒಬ್ಬರಿಗೊಬ್ಬರು ಹಂಚಿಕೊಂಡರು. ಪ್ರಯೋಗದ ಲೆಕ್ಕಕ್ಕೆ ಇದರಿಂದ ಪೆಟ್ಟು. ಆದರೆ ಪ್ರಯೋಗವನ್ನು ಹೀಗೇ ಯಾಕೆ ಮಾಡಬೇಕೆಂದು ಅವರ ಜೊತೆ ಮೊದಲೇ ಕುಳಿತು ಮಾತನಾಡಿದವರು ಯಾರು? ಮುಂದೆ ಸಮಿತಿಗಳಲ್ಲಿ ಕುಳಿತು, ಅಂಕಿ ಅಂಶ ಓದಲು ಕಲಿತ ಮೇಲೆ ಇದೇ ರೋಗಿಗಳ ಒಂದು ಗುಂಪು 1994ರಲ್ಲಿ ಹೊಸ ಔಷಧವೊಂದರ ಬಗ್ಗೆ, ಅವಸರದ ಒಪ್ಪಿಗೆ ಬೇಡ, ದೊಡ್ಡ ಪ್ರಯೋಗ ಮಾಡಿ ನಿಜ ತಿಳಿಸಿ ಎಂದು ಕೇಳಿತು. ತಮ್ಮ ಸ್ವಂತ ಪ್ರಾಣ ಪಣಕ್ಕಿದ್ದಾಗ ಹೀಗೆ ಕೇಳುವುದು ಸಣ್ಣ ಮಾತಲ್ಲ. ಜವಾಬ್ದಾರಿ ಕೊಡದೆ ಜವಾಬ್ದಾರಿ ಕಲಿಸುವುದು ಸಾಧ್ಯವಿಲ್ಲವೆಂದು ಮಕ್ಕಳನ್ನು ಬೆಳೆಸಿದ ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ 2019ರ ಹೊಸ ಔಷಧ ಮತ್ತು ಔಷಧ ಪ್ರಯೋಗಗಳ ನಿಯಮಗಳ ಪ್ರಕಾರ, ಪ್ರತಿಯೊಂದು ಪ್ರಯೋಗಕ್ಕೂ ನೈತಿಕ ಸಮಿತಿಯ ಅನುಮತಿ ಬೇಕು. ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸೇರದವರಾಗಿರಬೇಕು. ಅವರಲ್ಲಿ ಒಬ್ಬರು ವೈದ್ಯರೂ ವಿಜ್ಞಾನಿಯೂ ಅಲ್ಲದ ಸಾಮಾನ್ಯ ನಾಗರಿಕರು. ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು. ಇನ್ನೊಂದು ಸ್ಥಾನ ಸಮಾಜ ವಿಜ್ಞಾನಿಗೋ ಸ್ವಯಂಸೇವಾ ಸಂಸ್ಥೆಯವರಿಗೋ ತತ್ತ್ವಜ್ಞಾನಿಗೋ ದೈವಶಾಸ್ತ್ರಜ್ಞನಿಗೋ ಮೀಸಲು. ನಮ್ಮ ಧರ್ಮಸಭೆಯೇ 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಜಾನರ ವೈದ್ಯಕೀಯ ಕಾಲೇಜಿನಂಥ ಕಡೆಗಳಲ್ಲಿ ಸಂಶೋಧನೆ ನಡೆಯುತ್ತಲೇ ಇರುತ್ತದೆ. ಇತರ ಊರುಗಳ ದೊಡ್ಡ ಆಸ್ಪತ್ರೆಗಳಲ್ಲೂ ಉಂಟು. ಆ ಸಾಮಾನ್ಯ ನಾಗರಿಕರ ಕುರ್ಚಿಯಲ್ಲಿ ನಮ್ಮ ಧರ್ಮಕೇಂದ್ರದ ನಿವೃತ್ತ ಟೀಚರೊಬ್ಬರು, ಕಿರುಸಮುದಾಯ ನಡೆಸುವ ಗೃಹಿಣಿಯೊಬ್ಬರು ಯಾಕೆ ಕುಳಿತುಕೊಳ್ಳಬಾರದು? ಕುಳಿತರೆ, ಚಹಾ ಕುಡಿದು ತಲೆಯಾಡಿಸಿ ಬರುವುದಕ್ಕಲ್ಲ. "ಈ ಕಾಗದ ನನಗೇ ಅರ್ಥವಾಗಲಿಲ್ಲ, ಹಳ್ಳಿಯಿಂದ ಬಂದ ರೋಗಿಗೆ ಹೇಗೆ ಅರ್ಥವಾಗುತ್ತದೆ ಡಾಕ್ಟರೇ?" ಎಂದು ಕೇಳುವ ಧೈರ್ಯವೇ ಅಲ್ಲಿ ಬೇಕಾದ ದೊಡ್ಡ ವಿದ್ಯಾರ್ಹತೆ. ನನ್ನ ಅನುಮಾನವೇನೆಂದರೆ, ಅನೇಕ ಕಡೆ ಆ ಕುರ್ಚಿ ತುಂಬಿರುವುದು ಸಹಿಗಾಗಿ ಮಾತ್ರ.

ಇಷ್ಟಕ್ಕೂ ಈ ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿದೆಯೇ? ಆಸ್ಪತ್ರೆಯಲ್ಲಿ ಡಾಕ್ಟರು ತಾತನ ಕಡೆ ತಿರುಗಿ "ಹೇಗಿದ್ದೀರಿ?" ಎನ್ನುತ್ತಾರೆ, ಮಗ ಉತ್ತರ ಕೊಡುತ್ತಾನೆ. "ರಾತ್ರಿ ನಿದ್ರೆ ಬರುತ್ತಾ?" ಸೊಸೆ ಉತ್ತರ ಕೊಡುತ್ತಾಳೆ. ತಾತ ಕಿವುಡರಲ್ಲ, ಮೂಗರೂ ಅಲ್ಲ. ಪ್ರೀತಿಯಿಂದಲೇ ನಾವು ಅವರ ಬಾಯಿ ಮುಚ್ಚಿಸುತ್ತೇವೆ. ಕ್ಯಾನ್ಸರ್ ಬಂದ ತಾಯಿಗೆ ಹೆಸರನ್ನೇ ಹೇಳದೆ, ಹೊಸ ಔಷಧದ ಪ್ರಯೋಗಕ್ಕೆ ಮಕ್ಕಳೇ ಒಪ್ಪಿ ಸಹಿ ಮಾಡಲು ಹೊರಟರೆ, ಹಾಸ್ಟೆಲಿನ ವಾರ್ಡನಿಗೂ ನಮಗೂ ಏನು ವ್ಯತ್ಯಾಸ?

ಹಾಗೆಂದು ಪ್ರಯೋಗ ಎಂಬ ಮಾತು ಕೇಳಿದೊಡನೆ ಓಡಿಹೋಗಬೇಕಾಗಿಲ್ಲ. ತಿಳಿದು, ಸ್ವಂತ ಇಚ್ಛೆಯಿಂದ, ಮುಂದೆ ಬರುವ ರೋಗಿಗಳ ಒಳಿತಿಗಾಗಿ ಸೇರಿಕೊಳ್ಳುವುದು ರಕ್ತದಾನದಂತೆಯೇ ಪರಪ್ರೇಮದ ಕೆಲಸ. ಆದರೆ ಕೇಳಿ ತಿಳಿದುಕೊಳ್ಳಿ. ನಾನು ಒಲ್ಲೆ ಎಂದರೆ ನನ್ನ ಮಾಮೂಲಿ ಚಿಕಿತ್ಸೆ ಮುಂದುವರಿಯುತ್ತದೆಯೇ? ನಡುವೆ ಬಿಟ್ಟು ಬರಬಹುದೇ? (ಎರಡಕ್ಕೂ ಹೌದು ಎಂಬ ಉತ್ತರ ಬರಲೇಬೇಕು.) ಹಣ ಹಾಕಿದವರು ಯಾರು? ತೊಂದರೆಯಾದರೆ ಚಿಕಿತ್ಸೆ ಯಾರು ಕೊಡುತ್ತಾರೆ? ಕಡೆಗೆ ಕಂಡುಕೊಂಡದ್ದು ಏನೆಂದು ನನಗೂ ತಿಳಿಸುತ್ತೀರಾ? ಈ ಕೊನೆಯ ಪ್ರಶ್ನೆಯನ್ನು ಕೇಳುವವರೇ ಇಲ್ಲ. ಸಾವಿರಾರು ಜನ ತೋಳು ಕೊಟ್ಟು, ಫಲಿತಾಂಶ ಏನಾಯಿತೆಂದು ಅರಿಯದೆ ತೀರಿಕೊಂಡಿದ್ದಾರೆ.

ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂಬುದು ನಿಯಮ. ಇಂಗ್ಲಿಷಿನಲ್ಲಿ ಕೊಟ್ಟರೆ ಕನ್ನಡದ್ದನ್ನು ಕೇಳಿ ಪಡೆಯಿರಿ. ಓದು ಬಾರದವರ ಮುಂದೆ ಅದನ್ನು ಓದಿ ವಿವರಿಸುವಾಗ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಜೊತೆಗಿರಬೇಕು. ಆ ಗಳಿಗೆಯಲ್ಲೇ ಹೆಬ್ಬೆಟ್ಟು ಒತ್ತಬೇಕಾಗಿಲ್ಲ, ಮನೆಗೆ ಒಯ್ದು ಯೋಚಿಸುತ್ತೇನೆ ಎನ್ನುವ ಹಕ್ಕು ನಿಮಗಿದೆ. ಜೊತೆಗೆ ಕುಳಿತು ಓದುವವರು ಯಾರೂ ಇಲ್ಲದಿದ್ದರೆ ಭಾನುವಾರದ ಎರಡನೇ ಪೂಜೆ ಮುಗಿದ ಮೇಲೆ ಆ ಕಾಗದ ಹಿಡಿದುಕೊಂಡು ಗುರುಮನೆಗೆ ಬನ್ನಿ, ರೋಗಿಯನ್ನೂ ಕರೆತನ್ನಿ.